ಹಳೆ ಗಾಡಿಗೆ ಯಾವ ಪೆಟ್ರೋಲ್ ಫಿಲ್ಟರು ಹಾಕ್ಬೇಕು: ಪೇಪರಾ, ಜಾಲರಿಯಾ, ಇಲ್ಲಾ ಟ್ಯಾಂಕಿನ ಕಾಕ್ ಒಳಗಿಂದೇ ಸಾಕಾ?

ಸೋಮೇಶ್ವರದಿಂದ ಆಗುಂಬೆಗೆ ಹತ್ತೋ ಘಾಟಿಯಲ್ಲಿ 14 ತಿರುವು. ಎಂಟು ದಾಟಿ ಒಂಬತ್ತನೇದಕ್ಕೆ ಎರಡನೇ ಗೇರಿಗೆ ಇಳಿಸಿ ಆಕ್ಸಿಲರೇಟರ್ ತಿರುಗಿಸಿದ್ದೇ ತಡ ಇಂಜಿನ್ ಸೌಂಡೇ ಬೇರೆ ಆಯ್ತು, ಒಂಥರಾ ಒಣಗಿದ ಗಂಟಲಲ್ಲಿ ಕೂಗಿದ ಹಾಗೆ, ಆಮೇಲೆ ಹಿಂದಿನ ಚಕ್ರ ಕಿರ್ರಂತ ಎಳೀತು, ಕೈ ತಾನಾಗೇ ಕ್ಲಚ್ ಹಿಡೀತು. ಮಾವನ 1986ನೇ ಮಾಡೆಲ್ ಯೆಜ್ಡಿ ರೋಡ್‌ಕಿಂಗ್ ಸೀಜ್, ಅಂದ್ರೆ ಪಿಸ್ಟನ್ನು ಸಿಲಿಂಡರಲ್ಲಿ ಕಚ್ಚಿ ನಿಂತಿತ್ತು. ಹಿಂದೆ ಬಸ್ಸು ಬರ್ತಿರ್ಲಿಲ್ಲ, ಅದೊಂದು ಪುಣ್ಯ.

ಊರಿಗೆ ತಂದು ಬ್ಲಾಕ್ ಬಿಚ್ಚಿದಾಗ ಪಿಸ್ಟನ್ನಿನ ಎಕ್ಸಾಸ್ಟ್ ಕಡೆ ಉದ್ದುದ್ದ ಗೀರು. ಪೆಟ್ರೋಲಿಗೆ ಬೆರೆಸೋ ಆಯಿಲ್ ಸರಿಯಾಗೇ ಹಾಕಿದ್ದೆ, ಲೀಟರಿಗೆ 40 ಎಂಎಲ್ ಲೆಕ್ಕ ತಪ್ಪಿರ್ಲಿಲ್ಲ. ಪ್ಲಗ್ಗೂ ಹೊಸದು. ಮೂರು ವಾರದ ಹಿಂದೆ ಹೊಸದಾಗಿ ಸೇರಿಸಿದ್ದು ಒಂದೇ ಒಂದು ಸಾಮಾನು, ಪೆಟ್ರೋಲ್ ಪೈಪಿನ ಮಧ್ಯೆ ಒಂದು ಪೇಪರ್ ಫಿಲ್ಟರು. ಅಂಗಡೀಲಿ ಇದ್ದಿದ್ರಲ್ಲೇ ತುಂಬ ಸೂಕ್ಷ್ಮವಾಗಿ ಸೋಸೋದು ಅದೇ ಅಂತ ಕೇಳಿ ತಗೊಂಡಿದ್ದೆ, ಟ್ಯಾಂಕಿನ ತುಕ್ಕು ಕಾರ್ಬುರೇಟರಿಗೆ (ಪೆಟ್ರೋಲಿಗೆ ಗಾಳಿ ಬೆರೆಸಿ ಇಂಜಿನ್ನಿಗೆ ಕಳಿಸೋ ಭಾಗ) ಹೋಗ್ಬಾರ್ದು ಅಂತ. ಸಿಲಿಂಡರಿನ ಒಳಗೋಡೆಗೆ ಬೋರು ಹೊಡೆಸಿ ಓವರ್‌ಸೈಜ್ ಪಿಸ್ಟನ್ ಹಾಕಿಸೋ ಹೊತ್ತಿಗೆ ನನಗೆ ಅರ್ಥ ಆಗಿದ್ದು ಇಷ್ಟು: ಹಳೆ ಗಾಡಿಗೆ ಫಿಲ್ಟರ್ ಆರಿಸೋವಾಗ ಎಷ್ಟು ಚೆನ್ನಾಗಿ ಸೋಸ್ತದೆ ಅಂತ ಕೇಳೋಕೆ ಮುಂಚೆ ಎಷ್ಟು ಪೆಟ್ರೋಲ್ ಬಿಡ್ತದೆ ಅಂತ ಕೇಳ್ಬೇಕು. ಆವತ್ತಿಂದ ಮನೇಲಿರೋ ರೋಡ್‌ಕಿಂಗು, ತಮ್ಮನ ಆರ್‌ಎಕ್ಸ್ 100, ಪಕ್ಕದ ಮನೆಯವರ ಹಳೆ ಬುಲೆಟ್ಟು, ಅಪ್ಪನ ಸಿಡಿ 100, ಹೀಗೆ ನಾಲ್ಕಕ್ಕೂ ಬೇರೆ ಬೇರೆ ಥರ ಹಾಕಿ ಅಳತೆ ಮಾಡಿ ನೋಡಿದೀನಿ. ಅದನ್ನೇ ಇಲ್ಲಿ ಬರೀತಿದೀನಿ.

ಪೆಟ್ರೋಲ್ ಇಳಿಯೋದು ತನ್ನ ಭಾರದಿಂದ ಅಷ್ಟೇ

ಈ ಗಾಡಿಗಳಲ್ಲಿ ಪಂಪ್ ಇಲ್ಲ. ಟ್ಯಾಂಕ್ ಮೇಲೆ, ಕಾರ್ಬುರೇಟರ್ ಕೆಳಗೆ, ಮಧ್ಯೆ ಒಂದು ಪೈಪು. ಟ್ಯಾಂಕಲ್ಲಿರೋ ಪೆಟ್ರೋಲ್ ಮಟ್ಟಕ್ಕೂ ಕಾರ್ಬುರೇಟರ್ ಬೌಲಿಗೂ (ಅದರಲ್ಲಿ ಪೆಟ್ರೋಲ್ ನಿಲ್ಲೋ ಪುಟ್ಟ ಬಟ್ಟಲು) ಮಧ್ಯೆ ಎಷ್ಟು ಎತ್ತರ ಇದೆಯೋ ಅಷ್ಟೇ ಒತ್ತಡ. ಅಂತರ 25 ಸೆಂಟಿಮೀಟರ್ ಅಂತ ಇಟ್ಕೊಳ್ಳಿ, ಪೆಟ್ರೋಲು ನೀರಿಗಿಂತ ಹಗುರ ಆಗಿರೋದ್ರಿಂದ ಅದು ಸುಮಾರು 18 ಸೆಂಟಿಮೀಟರ್ ನೀರಿನ ಒತ್ತಡಕ್ಕೆ ಸಮ, ಅಂದ್ರೆ ಒಂದು ಚೊಂಬು ನೀರಿನ ತಳದಲ್ಲಿ ಎಷ್ಟು ಒತ್ತಡ ಇರ್ತದೋ ಅಷ್ಟು. ಈಗಿನ ಫ್ಯೂಯಲ್ ಇಂಜೆಕ್ಷನ್ ಗಾಡಿಗಳಲ್ಲಿ ಪಂಪು 2.5ರಿಂದ 3 ಬಾರ್ ಒತ್ತಡದಲ್ಲಿ ತಳ್ತದೆ, ನಮ್ಮದಕ್ಕಿಂತ ನೂರು ಪಟ್ಟಿಗೂ ಜಾಸ್ತಿ. ಅದಕ್ಕೆ ಮಾಡಿದ ಫಿಲ್ಟರನ್ನ ತಂದು ಹಳೆ ಗಾಡಿಗೆ ಸಿಕ್ಕಿಸಿದ್ರೆ ಪೆಟ್ರೋಲು ತೊಟ್ಟಿಕ್ಕೋದೇ ಕಷ್ಟ. ಕಾರಿನ ಫಿಲ್ಟರೂ ಬೇಡ, ಅದರ ಮೂತಿ ಸಾಮಾನ್ಯವಾಗಿ 8 ಎಂಎಂ, ನಮ್ಮ ಪೈಪು 6 ಎಂಎಂ ಆಸುಪಾಸು. ಬಲವಂತವಾಗಿ ಏರಿಸಿದ್ರೆ ಪೈಪ್ ಬಿರುಕು ಬಿಡ್ತದೆ, ಜೊತೆಗೆ ಅಷ್ಟು ದೊಡ್ಡ ಡಬ್ಬ ಇಂಜಿನ್ ಹತ್ರ ನೇತಾಡ್ತಾ ಇರ್ತದೆ.

ಗಾಡಿಗೆ ಬೇಕಾಗಿರೋದು ಎಷ್ಟು ಅಂತ ಲೆಕ್ಕ ಹಾಕೋದು ಕಷ್ಟ ಏನಲ್ಲ. ಹೈವೇಲಿ 90ರಲ್ಲಿ ಎಳೀತಾ ಇದ್ದು ಲೀಟರಿಗೆ 22 ಕಿಲೋಮೀಟರ್ ಕೊಡ್ತಿದೆ ಅಂದ್ರೆ ಗಂಟೆಗೆ 4 ಲೀಟರಿಗೆ ಸ್ವಲ್ಪ ಮೇಲೆ, ನಿಮಿಷಕ್ಕೆ 68 ಎಂಎಲ್. ಊರೊಳಗೆ 40ರಲ್ಲಿ ಹೋಗ್ತಾ 35 ಮೈಲೇಜ್ ಬರ್ತಿದ್ರೆ ನಿಮಿಷಕ್ಕೆ 19 ಎಂಎಲ್ ಸಾಕು. ಇಲ್ಲೇ ನಾವೆಲ್ಲ ಮೋಸ ಹೋಗೋದು. ಅರ್ಧ ಕಟ್ಟಿಕೊಂಡ ಫಿಲ್ಟರ್ ನಿಮಿಷಕ್ಕೆ 40 ಎಂಎಲ್ ಬಿಡ್ತಿದ್ರೂ ಊರೊಳಗೆ ಗೊತ್ತೇ ಆಗಲ್ಲ, ಗಾಡಿ ಬೆಣ್ಣೆ ಥರ ಓಡ್ತದೆ. ಘಾಟಿಯಲ್ಲಿ ಐದು ನಿಮಿಷ ಬಿಡದೆ ಪೂರ್ತಿ ಎಳೆದಾಗ ಕಾರ್ಬುರೇಟರ್ ಬೌಲಿನ ಮಟ್ಟ ಇಳೀತಾ ಹೋಗ್ತದೆ, ಪೆಟ್ರೋಲ್ ಕಮ್ಮಿ ಗಾಳಿ ಜಾಸ್ತಿ ಆಗಿ ಇಂಜಿನ್ ಕಾಯ್ತದೆ. ಯೆಜ್ಡಿಯಂಥ ಗಾಡಿಗೆ ಇನ್ನೂ ಒಂದು ಕಷ್ಟ ಇದೆ, ಪಿಸ್ಟನ್ನಿಗೆ ಹೋಗೋ ಆಯಿಲ್ ಕೂಡ ಅದೇ ಪೆಟ್ರೋಲಲ್ಲಿ ಬೆರೆತಿರೋದ್ರಿಂದ ಪೆಟ್ರೋಲ್ ಕಮ್ಮಿ ಆದ್ರೆ ಆಯಿಲ್ಲೂ ಕಮ್ಮಿ. ಬಿಸಿ ಹೆಚ್ಚಾಗೋ ಹೊತ್ತಿಗೇ ಜಿಡ್ಡು ಕಮ್ಮಿ ಆಗ್ತದೆ. ಒಂಬತ್ತನೇ ತಿರುವಲ್ಲಿ ಆಗಿದ್ದು ಅದೇ. ಆರ್‌ಎಕ್ಸ್ 100ಗೆ ಆಯಿಲ್ ಪಂಪು ಬೇರೆ ಇರೋದ್ರಿಂದ ಆಯಿಲ್ ಬರ್ತಾನೇ ಇರ್ತದೆ, ಆದ್ರೂ ಪೆಟ್ರೋಲ್ ಸಾಲದೆ ಓಡಿದ್ರೆ ಪಿಸ್ಟನ್ ಸುಡೋದು ತಪ್ಪಲ್ಲ. ಬುಲೆಟ್ಟು, ಸಿಡಿ 100, ಸ್ಪ್ಲೆಂಡರ್ ಥರದ ಫೋರ್ ಸ್ಟ್ರೋಕು ಇಂಥದ್ದನ್ನ ಸ್ವಲ್ಪ ತಡ್ಕೊಳ್ತವೆ, ಮಿಸ್ಸಿಂಗ್ ಹೊಡೆದು ಮೊದಲೇ ಹೇಳ್ತವೆ.

ಮೊದಲು ಟ್ಯಾಂಕಿನ ಕಾಕ್

ತುಂಬ ಜನಕ್ಕೆ ಗೊತ್ತಿಲ್ಲ, ಗಾಡಿ ಕಂಪನಿಯಿಂದ ಬರೋವಾಗಲೇ ಅದರಲ್ಲಿ ಒಂದು ಫಿಲ್ಟರ್ ಇರ್ತದೆ. ಟ್ಯಾಂಕಿನ ತಳದ ಪೆಟ್ರೋಲ್ ಕಾಕ್ ಬಿಚ್ಚಿದ್ರೆ ಮೇಲ್ಗಡೆ ಟ್ಯಾಂಕೊಳಗೆ ನಿಂತಿರೋ ಕಡ್ಡಿ ಥರದ ಸಣ್ಣ ಕೊಳವೆ, ಅದರ ಸುತ್ತ ಜಾಲರಿ. ಮೇನ್‌ನಲ್ಲಿದ್ದಾಗ ಕೊಳವೆಯ ಮೇಲಿನ ತುದಿಯಿಂದ ಪೆಟ್ರೋಲ್ ಬರ್ತದೆ, ರಿಸರ್ವ್‌ಗೆ ಹಾಕಿದಾಗ ತಳದ ತೂತಿಂದ. ಅದಕ್ಕೇ ರಿಸರ್ವ್‌ಗೆ ಬಿದ್ದ ಸ್ವಲ್ಪ ಹೊತ್ತಿಗೆ ಗಾಡಿ ತೊಂದ್ರೆ ಕೊಡೋದು, ತಳದಲ್ಲಿ ಕೂತಿರೋ ನೀರು ತುಕ್ಕು ಎಲ್ಲ ಆಗ ಇಳಿಯೋದು. ಕೆಲವು ಗಾಡಿಗಳಲ್ಲಿ ಕಾಕ್ ಕೆಳಗೇ ಒಂದು ಪುಟ್ಟ ಕಪ್ ಇರ್ತದೆ, ಸ್ಪ್ಯಾನರ್ ಹಾಕಿ ತಿರುಗಿಸಿದ್ರೆ ಬರ್ತದೆ, ಒಳಗೊಂದು ಜಾಲರಿ ಒಂದು ರಬ್ಬರ್ ಓ ರಿಂಗು. ಅಮಾಲ್ ಕಾರ್ಬುರೇಟರ್ ಇರೋ ತುಂಬ ಹಳೆ ಬುಲೆಟ್ಟಲ್ಲಿ ಪೈಪ್ ಸೇರೋ ಬಾಂಜೋ ಅನ್ನೋ ಉಂಗುರದಂಥ ಜೋಡಣೆ ಒಳಗೂ ಇನ್ನೊಂದು ಜಾಲರಿ.

ನನ್ನ ಅಭಿಪ್ರಾಯ ಕೇಳಿದ್ರೆ ಟ್ಯಾಂಕ್ ಒಳಗೆ ತುಕ್ಕಿಲ್ಲದೆ ಹೊಳೀತಿದ್ದು ಈ ಜಾಲರಿ ಹರಿದಿಲ್ಲದೆ ಇದ್ರೆ ಬೇರೆ ಫಿಲ್ಟರೇ ಬೇಡ. ಅಪ್ಪನ ಸಿಡಿ 100ಗೆ ಇವತ್ತಿಗೂ ಪೈಪಲ್ಲಿ ಫಿಲ್ಟರ್ ಹಾಕಿಲ್ಲ, ಕಪ್ ಬಿಚ್ಚಿ ತೊಳೆಯೋದು ಅಷ್ಟೇ. ತೊಂದ್ರೆ ಏನಂದ್ರೆ 30–40 ವರ್ಷದ ಗಾಡಿಯಲ್ಲಿ ಜಾಲರಿ ಇದ್ಯಾ ಇಲ್ವಾ ಅನ್ನೋದೇ ಗೊತ್ತಿರಲ್ಲ. ಎಷ್ಟೋ ಕೈ ಬದಲಾಗಿರ್ತದೆ, ಯಾರೋ ಎಲ್ಲೋ ದಾರಿಯಲ್ಲಿ ಕಟ್ಟಿಕೊಂಡಾಗ ಕಿತ್ತು ಬಿಸಾಕಿರ್ತಾರೆ. ಮಾವನ ಗಾಡಿ ಕಾಕ್ ಬಿಚ್ಚಿದಾಗ ಬರೀ ಕೊಳವೆ ಇತ್ತು, ಜಾಲರಿಯ ಬದಲು ಬುಡದಲ್ಲಿ ಅಂಟಿಕೊಂಡ ಎರಡು ಎಳೆ ತಂತಿ ಮಾತ್ರ. ನಾನು ಪೇಪರ್ ಫಿಲ್ಟರ್ ಹಾಕೋ ಮೊದಲು ಇದನ್ನ ನೋಡ್ಬೇಕಿತ್ತು. ಜಾಲರಿ ಇಲ್ಲದೆ ದೊಡ್ಡ ದೊಡ್ಡ ತುಕ್ಕಿನ ಚಕ್ಕೆಯೆಲ್ಲ ನೇರ ಬಂದು ಆ ಪೇಪರಿಗೆ ಬಡಿದು ಮೂರೇ ವಾರದಲ್ಲಿ ಕಟ್ಟಿತ್ತು.

ಈಗ ಪೈಪಿನ ಮಧ್ಯೆ ಹಾಕೋ ಫಿಲ್ಟರುಗಳು

ಅಂಗಡಿಯಲ್ಲಿ ಕೇಳಿದ್ರೆ ಮುಖ್ಯವಾಗಿ ಎರಡು ಥರ ಕೊಡ್ತಾರೆ, ನೋಡೋಕೆ ಎರಡೂ ಒಂದೇ ಥರ, ಪ್ಲಾಸ್ಟಿಕ್ ಕೋಶ ಎರಡು ಮೂತಿ. ಬೆಳಕಿಗೆ ಹಿಡಿದು ಒಳಗೆ ನೋಡಿ. ಬಿಳಿ ಇಲ್ಲಾ ಹಳದಿ ಕಾಗದ ನೆರಿಗೆ ನೆರಿಗೆಯಾಗಿ ಸೀರೆ ನೆರಿಗೆ ಥರ ಮಡಿಸಿದ್ರೆ ಪೇಪರ್ ಫಿಲ್ಟರು. ಸೊಳ್ಳೆಪರದೆ ಥರದ ಸಣ್ಣ ಬಟ್ಟೆ ಟೋಪಿಯಾಗಿಯೋ ಕೊಳವೆಯಾಗಿಯೋ ಕೂತಿದ್ರೆ ಜಾಲರಿ ಫಿಲ್ಟರು, ನೈಲಾನಿಂದು.

ಪೇಪರು 10–20 ಮೈಕ್ರಾನ್ ಆಸುಪಾಸಿನ ಕಣವನ್ನೂ ಹಿಡೀತದೆ, ನೈಲಾನ್ ಜಾಲರಿ 70–100 ಮೈಕ್ರಾನ್ ಆಸುಪಾಸು, ನಮ್ಮ ತಲೆಕೂದಲ ದಪ್ಪದಷ್ಟು. ಕೇಳೋಕೆ ಪೇಪರೇ ಮೇಲು ಅನ್ಸತ್ತೆ. ಆದ್ರೆ ಕಾರ್ಬುರೇಟರಲ್ಲಿ ಅತೀ ಸಣ್ಣ ತೂತು ಪೈಲಟ್ ಜೆಟ್ಟಿಂದು, ಅದು ಅರ್ಧ ಮಿಲಿಮೀಟರಿಗಿಂತ ಚಿಕ್ಕದಾದ್ರೂ ಜಾಲರಿ ದಾಟಿ ಬರೋ ಒಂದು ಕಣಕ್ಕಿಂತ ದೊಡ್ಡದೇ, ಒಂಟಿ ಕಣ ಆರಾಮಾಗಿ ದಾಟಿ ಹೋಗ್ತದೆ. ಪೇಪರಿಂದ ನಿಜವಾದ ಲಾಭ ಇರೋದು ಒಂದೇ ಜಾಗದಲ್ಲಿ, ಗೋಧಿ ಹಿಟ್ಟಿನಷ್ಟು ನುಣ್ಣಗಿನ ಕೆಂಪು ತುಕ್ಕಿನ ಪುಡಿ ಬರ್ತಿದ್ದಾಗ. ಆ ಪುಡಿ ಬೌಲಲ್ಲಿ ಕೆಸರಾಗಿ ಕೂರ್ತದೆ, ಬೌಲ್ ತುಂಬಿದಾಗ ಪೆಟ್ರೋಲ್ ನಿಲ್ಲಿಸೋ ಫ್ಲೋಟ್ ನೀಡಲ್ ಸೀಟಲ್ಲಿ ಸಿಕ್ಕಿ ಓವರ್‌ಫ್ಲೋ ಆಗ್ತದೆ, ಬೆಳಗ್ಗೆ ನೋಡಿದ್ರೆ ಗಾಡಿ ಕೆಳಗೆ ಪೆಟ್ರೋಲ್ ಒದ್ದೆ. ಇದನ್ನ ಜಾಲರಿ ತಡೆಯಲ್ಲ, ಪೇಪರ್ ತಡೀತದೆ. ಆದ್ರೆ ಅಷ್ಟು ಪುಡಿ ಬರ್ತಿದೆ ಅಂದ್ರೆ ರೋಗ ಟ್ಯಾಂಕಲ್ಲಿದೆ. ಟ್ಯಾಂಕ್ ಬಿಚ್ಚಿ ತುಕ್ಕು ತೆಗೆಸಬೇಕು, ಅಲ್ಲೀತನಕ ತಿಂಗಳು ಎರಡು ತಿಂಗಳ ಮಟ್ಟಿಗೆ ಪೇಪರ್ ಹಾಕ್ಕೊಂಡು ಪದೇ ಪದೇ ಬದಲಾಯಿಸ್ಕೊಳ್ಳಿ, ತಪ್ಪಿಲ್ಲ.

ಪೇಪರಿನ ಇನ್ನೊಂದು ತೊಂದ್ರೆ ನೀರು. ಟ್ಯಾಂಕಲ್ಲಿ ಸ್ವಲ್ಪ ನೀರಿದ್ರೂ ಕಾಗದ ನೆನೆದು ಪೆಟ್ರೋಲನ್ನ ಬಿಡೋದೇ ನಿಲ್ಲಿಸ್ತದೆ, ಮಲೆನಾಡು ಕರಾವಳಿ ಕಡೆ ಮಳೆಗಾಲದಲ್ಲಿ ಗಾಡಿ ಹೊರಗೆ ನಿಲ್ಲಿಸೋರಿಗೆ ಇದು ದೊಡ್ಡ ವಿಷಯ. ಮತ್ತೆ ಆಯಿಲ್ ಬೆರೆಸೋ ಗಾಡಿ ಹದಿನೈದು ದಿನ ನಿಂತ್ರೆ ಫಿಲ್ಟರಲ್ಲಿದ್ದ ಪೆಟ್ರೋಲ್ ಆವಿಯಾಗಿ ಹೋಗ್ತದೆ, ಆಯಿಲ್ ಮಾತ್ರ ನೆರಿಗೆಯಲ್ಲಿ ಉಳಿದು ಅಂಟಾಗ್ತದೆ. ಹಾಗಾಗಿ ಯೆಜ್ಡಿ, ಜಾವಾ, ರಾಜ್‌ದೂತ್ ಥರ ಟ್ಯಾಂಕಿಗೇ ಆಯಿಲ್ ಹಾಕೋ ಯಾವ ಗಾಡಿಗೂ ಪೇಪರ್ ಬೇಡ ಅಂತ ನಾನು ಖಡಾಖಂಡಿತವಾಗಿ ಹೇಳ್ತೀನಿ.

ಜಾಲರಿ ಫಿಲ್ಟರಿಗೆ ನಾನು ಕೊಟ್ಟಿದ್ದು 60 ರೂಪಾಯಿ, ಪೇಪರಿಗೆ 90, ದುಡ್ಡಿನ ವ್ಯತ್ಯಾಸ ಏನೂ ಅಲ್ಲ. ಜಾಲರಿಯಲ್ಲಿ ನನಗೆ ಇಷ್ಟ ಆಗೋದು ಅದು ಹೇಳೋ ಮಾತು. ಪಾರದರ್ಶಕ ಕೋಶ ಆಗಿರೋದ್ರಿಂದ ಬೆಳಗ್ಗೆ ಬಗ್ಗಿ ನೋಡಿದ್ರೆ ತಳದಲ್ಲಿ ಏನು ಕೂತಿದೆ ಗೊತ್ತಾಗ್ತದೆ: ಕೆಂಪು ಪುಡಿ ಅಂದ್ರೆ ತುಕ್ಕು, ಕಪ್ಪು ಚೂರು ಅಂದ್ರೆ ಪೈಪಿನ ಒಳಮೈ ಕಳಚ್ತಿದೆ, ಗುಂಡಗೆ ಮಣಿ ಥರ ಉರುಳಾಡ್ತಿದ್ರೆ ನೀರು, ತೆಳ್ಳನೆ ಬಿಳಿ ಇಲ್ಲಾ ಕಂದು ಹಾಳೆ ಥರ ಸಿಪ್ಪೆ ಬಂದ್ರೆ ಯಾರೋ ಟ್ಯಾಂಕಿಗೆ ಹಿಂದೆ ಹಾಕಿದ ಕೋಟಿಂಗ್ ಏಳ್ತಾ ಇದೆ.

ಕಂಚಿನ ಪುಡಿ ಒತ್ತಿ ಕಾಯಿಸಿ ಮಾಡಿದ ಸಣ್ಣ ಲೋಹದ ಫಿಲ್ಟರೂ ಸಿಗ್ತದೆ, ತೊಳೆದು ತೊಳೆದು ಬಳಸಬಹುದು ಅಂತ ಮಾರ್ತಾರೆ. ಮೈಕಟ್ಟು ಗಟ್ಟಿ, ಬಿಸಿಗೆ ಹೆದರಲ್ಲ. ಆದ್ರೆ ಒಳಗಿನ ಜಾಗ ತೀರಾ ಚಿಕ್ಕದು, ಕಸ ತುಂಬಿದ್ದು ಹೊರಗಿಂದ ಕಾಣಲ್ಲ, ತೂತುಗಳ ಆಳದಲ್ಲಿ ಸಿಕ್ಕಿದ ತುಕ್ಕು ತೊಳೆದ್ರೂ ಪೂರ್ತಿ ಬರಲ್ಲ. ಬುಲೆಟ್ಟಿಗೆ ಹಾಕಿ ನೋಡಿದ್ವಿ, ಹೊಸದಿದ್ದಾಗ ಚೆನ್ನಾಗಿತ್ತು, ಆರು ತಿಂಗಳಾದ್ಮೇಲೆ ಅಳತೆ ಅರ್ಧಕ್ಕೆ ಇಳಿದಿತ್ತು, ತೆಗೆದ್ವಿ.

ಇನ್ನು ಗಾಜಿಂದು. ಎರಡೂ ಕಡೆ ಕ್ರೋಮ್ ಮುಚ್ಚಳ, ಮಧ್ಯೆ ಗಾಜಿನ ಕೊಳವೆ, ಬಣ್ಣದ ಗಾಡಿಗೆ ಹಾಕಿದ್ರೆ ಕಣ್ಣಿಗೆ ಹಬ್ಬ. ದಯವಿಟ್ಟು ಬೇಡ. ವೈಬ್ರೇಶನ್ನಿಗೆ ಮುಚ್ಚಳದ ತಿರುಪು ಸಡಿಲ ಆಗ್ತದೆ, ಗ್ಯಾಸ್ಕೆಟ್ ಸೋರ್ತದೆ, ಕಲ್ಲು ಸಿಡಿದ್ರೆ ಒಡೀತದೆ, ಕೆಳಗಿರೋದು ಕಾದ ಸಿಲಿಂಡರ್ ಹೆಡ್ಡು. ತಮ್ಮ ಆರ್‌ಎಕ್ಸ್‌ಗೆ ಹಾಕ್ಕೊಂಡಿದ್ದ, ಒಂದಿನ ಮೊಣಕಾಲು ಪ್ಯಾಂಟೆಲ್ಲ ಪೆಟ್ರೋಲ್ ವಾಸನೆ ಅಂತ ಬಂದ, ನೋಡಿದ್ರೆ ಮುಚ್ಚಳದಿಂದ ಒಸರಿ ಇಂಜಿನ್ ರೆಕ್ಕೆಗಳ ಮೇಲೆ ಬೀಳ್ತಿತ್ತು. ಆ ಸಂಜೇನೇ ಕಿತ್ತು ಹಾಕಿದ್ವಿ.

ಬಾಟ್ಲಿ ಪರೀಕ್ಷೆ

ಯಾವುದೇ ಫಿಲ್ಟರ್ ಹಾಕಿ, ಹಾಕೋ ಮುಂಚೆ ಒಂದ್ಸಲ ಹಾಕಿದ್ಮೇಲೆ ಒಂದ್ಸಲ ಇದನ್ನ ಮಾಡಿ. ಇಂಜಿನ್ ಪೂರ್ತಿ ತಣ್ಣಗಿರ್ಬೇಕು. ಜಾಗ ಹೊರಗಡೆ ಗಾಳಿ ಆಡೋ ಕಡೆ. ಪೆಟ್ರೋಲ್ ಆವಿ ಗಾಳಿಗಿಂತ ಭಾರ, ನೆಲದ ಮೇಲೇ ಹರೀತಾ ಹೋಗ್ತದೆ, ಹತ್ತಾರು ಅಡಿ ಆಚೆ ಬಚ್ಚಲ ಒಲೆ ಉರೀತಿದ್ರೂ ಅಪಾಯ, ನಮ್ಮನೆಯಲ್ಲಿ ಹಂಡೆಗೆ ಬೆಂಕಿ ಹಾಕೋದು ಬೆಳಗ್ಗೆ, ಅದಕ್ಕೆ ಈ ಕೆಲಸ ಮಧ್ಯಾಹ್ನವೇ.

ಕಾರ್ಬುರೇಟರ್ ಕಡೆಯ ಪೈಪ್ ಬಿಡಿಸಿ ಕಾಲು ಲೀಟರ್ ಗುರುತು ಇರೋ ಬಾಟ್ಲಿಗೆ ಇಳಿಬಿಡಿ. ಪೈಪಿನ ತುದಿ ಕಾರ್ಬುರೇಟರಿನ ಎತ್ತರದಲ್ಲೇ ಇರ್ಲಿ, ಕೆಳಗೆ ಇಳಿಸಿದ್ರೆ ಜಾಸ್ತಿ ಹರಿದು ಸುಳ್ಳು ಲೆಕ್ಕ ಬರ್ತದೆ. ಟ್ಯಾಂಕಲ್ಲಿ ಪೆಟ್ರೋಲ್ ಕಮ್ಮಿ ಇದ್ದಾಗಲೇ ಮಾಡಿ, ತುಂಬಿದ ಟ್ಯಾಂಕಲ್ಲಿ ಎಲ್ಲ ಫಿಲ್ಟರೂ ಪಾಸ್ ಆಗ್ತದೆ. ಮೊಬೈಲ್ ದೂರ ಇಟ್ಟು ವಾಚ್ ನೋಡ್ಕೊಂಡು ಒಂದು ನಿಮಿಷ ಬಿಡಿ.

ರೋಡ್‌ಕಿಂಗಲ್ಲಿ ನನಗೆ ಬಂದಿದ್ದು: ಫಿಲ್ಟರಿಲ್ಲದೆ ಬರೀ ಪೈಪಲ್ಲಿ ಕಾಲು ಲೀಟರ್ ಬಾಟ್ಲಿ 50 ಸೆಕೆಂಡಿಗೇ ತುಂಬ್ತು. ಹೊಸ ಜಾಲರಿ ಫಿಲ್ಟರ್ ಹಾಕಿ 240 ಎಂಎಲ್. ಹೊಸ ಪೇಪರ್ ಹಾಕಿ 150. ಸೀಜ್ ಆದ ದಿನ ಇದ್ದ ಆ ಹಳೆ ಪೇಪರ್ ಫಿಲ್ಟರನ್ನ ಎತ್ತಿಟ್ಕೊಂಡಿದ್ದೆ, ಅದನ್ನೇ ಮತ್ತೆ ಹಾಕಿ ನೋಡಿದಾಗ 35 ಎಂಎಲ್. ಮೊದಲು ಒಂದು ಸಣ್ಣ ಧಾರೆ ಬಂತು, ಆಮೇಲೆ ದಾರದಷ್ಟಾಯ್ತು, ಆಮೇಲೆ ಸಲೈನ್ ಬಾಟ್ಲಿಯ ಹಾಗೆ ಹನಿ ಹನಿ. ಅದನ್ನ ನೋಡ್ತಾ ನಿಂತಾಗ ಹೊಟ್ಟೆ ಒಳಗೆ ಸಂಕಟ ಆಯ್ತು, ಇಷ್ಟೇ ಪೆಟ್ರೋಲಲ್ಲಿ ಪಾಪ ಅದನ್ನ ಘಾಟಿ ಹತ್ತಿಸಿದೀನಲ್ಲ ಅಂತ.

ನಾನು ಇಟ್ಕೊಂಡಿರೋ ಲೆಕ್ಕ: ನಿಮಿಷಕ್ಕೆ 200 ಎಂಎಲ್ ಮೇಲೆ ಬಂದ್ರೆ ನಿಶ್ಚಿಂತೆ, ಗಾಡಿಗೆ ಅತೀ ಹೆಚ್ಚು ಬೇಕಾಗೋದರ ಮೂರು ಪಟ್ಟು ಆಗ್ತದೆ. 100–200 ಮಧ್ಯೆ ಇದ್ರೆ ಫಿಲ್ಟರ್, ಕಾಕು, ಪೈಪು ಮೂರನ್ನೂ ನೋಡಿ. 100ಕ್ಕಿಂತ ಕೆಳಗಿದ್ರೆ ಆ ಗಾಡಿಯಲ್ಲಿ ಘಾಟಿಗೂ ಹೈವೇಗೂ ಹೋಗ್ಬೇಡಿ.

ಅಳತೆ ಕಮ್ಮಿ ಬಂತು ಅಂದ ತಕ್ಷಣ ಫಿಲ್ಟರನ್ನೇ ಬೈಬೇಡಿ. ಅದೇ ಪರೀಕ್ಷೆಯನ್ನ ಟ್ಯಾಂಕಿನ ಮುಚ್ಚಳ ತೆಗೆದು ಮತ್ತೆ ಮಾಡಿ. ಮುಚ್ಚಳದಲ್ಲಿ ಗಾಳಿ ಹೋಗೋಕೆ ಒಂದು ಸಣ್ಣ ತೂತಿರ್ತದೆ, ಅದು ಧೂಳು ಮೇಣ ಪಾಲಿಶ್ ತುಂಬಿ ಮುಚ್ಚಿದ್ರೆ ಒಳಗೆ ಗಾಳಿ ಹೋಗದೆ ಪೆಟ್ರೋಲ್ ಇಳಿಯೋದೇ ನಿಲ್ತದೆ. ಹತ್ತು ಕಿಲೋಮೀಟರ್ ಓಡಿ ಆಫ್ ಆಗೋದು, ಮುಚ್ಚಳ ತೆಗೆದಾಗ ಹುಸ್ ಅಂತ ಸೌಂಡ್ ಬರೋದು, ಆಮೇಲೆ ಏನೂ ಆಗೇ ಇಲ್ಲ ಅನ್ನೋ ಹಾಗೆ ಸ್ಟಾರ್ಟ್ ಆಗೋದು, ಇದು ಮುಚ್ಚಳದ್ದೇ ಕತೆ. ಮೇನ್‌ನಲ್ಲಿ ಕಮ್ಮಿ, ರಿಸರ್ವ್‌ನಲ್ಲಿ ಸರಿಯಾಗಿ ಬರ್ತಿದೆ ಅಂದ್ರೆ ಕಾಕ್ ಒಳಗಿನ ಕೊಳವೆ ಕಟ್ಟಿದೆ ಇಲ್ಲಾ ಪೆಟ್ರೋಲೇ ಮೇನ್ ಮಟ್ಟಕ್ಕಿಂತ ಕೆಳಗಿದೆ.

ಯಾವ ಗಾಡಿಗೆ ಯಾವುದು

ಯೆಜ್ಡಿ ಜಾವಾ: ಕಾಕ್ ಜಾಲರಿ ಹೊಸದು ಹಾಕಿಸಿ, ಜೊತೆಗೆ ಪೈಪಲ್ಲಿ ನೈಲಾನ್ ಜಾಲರಿ ಫಿಲ್ಟರು. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ ನಿಂತಿದ್ದು 1996ರಲ್ಲಿ, ಅಂದ್ರೆ ಕಟ್ಟಕಡೇ ರೋಡ್‌ಕಿಂಗ್ ಟ್ಯಾಂಕಿಗೂ ಈಗ 30 ವರ್ಷದ ವಯಸ್ಸು, ತುಕ್ಕಿಲ್ಲದ ಟ್ಯಾಂಕ್ ಸಿಗೋದೇ ಅಪರೂಪ. ಕಾಕ್ ಕಿಟ್ಟು ಮೈಸೂರಲ್ಲೂ ಬೆಂಗಳೂರು ಜೆ.ಸಿ. ರೋಡಲ್ಲೂ ಹುಡುಕಿದ್ರೆ ಸಿಗ್ತದೆ, ಹಳೆ ಜಾಲರಿಯನ್ನ ಸ್ಯಾಂಪಲ್ಲಿಗೆ ಕೈಯಲ್ಲೇ ತಗೊಂಡು ಹೋಗಿ.

ಆರ್‌ಎಕ್ಸ್ 100: ಪೈಪು ಗಿಡ್ಡ, ಜಾಗ ಇಕ್ಕಟ್ಟು. ದೊಡ್ಡ ಫಿಲ್ಟರ್ ಹಾಕಿದ್ರೆ ಪೈಪು ಮಡಚಿಕೊಂಡು ಅಲ್ಲೇ ಅರ್ಧ ಕಟ್ ಆಗ್ತದೆ. ತಮ್ಮಂದಕ್ಕೆ ಬೆರಳಷ್ಟೇ ಗಾತ್ರದ ಜಾಲರಿ ಫಿಲ್ಟರ್ ಹಾಕಿದೀವಿ. ಟ್ಯಾಂಕ್ ಕ್ಲೀನ್ ಇದ್ರೆ ಇದಕ್ಕೂ ಬೇಡ.

ಬುಲೆಟ್: ಫೋರ್ ಸ್ಟ್ರೋಕು, ಆಯಿಲ್ ಬೆರೆಸಲ್ಲ, ಕಾಕಿಗೂ ಕಾರ್ಬುರೇಟರಿಗೂ ಒಳ್ಳೆ ಅಂತರ ಇದೆ. ಪೇಪರ್ ಹಾಕೋದಾದ್ರೆ ಈ ನಾಲ್ಕರಲ್ಲಿ ಇದಕ್ಕೊಂದೇ. ಅದೂ ಬಾಟ್ಲಿ ಪರೀಕ್ಷೆ ಪಾಸ್ ಆದ್ರೆ, ಆರು ತಿಂಗಳಿಗೊಮ್ಮೆ ಬದಲಾಯಿಸ್ತೀನಿ ಅನ್ನೋ ಮನಸ್ಸಿದ್ರೆ.

ಸಿಡಿ 100, ಹಳೆ ಸ್ಪ್ಲೆಂಡರು: ಕಂಪನಿ ಕೊಟ್ಟಿದ್ದೇ ಸಾಕು, ತೊಳೆದು ಇಟ್ಕೊಳ್ಳಿ.

ಬದಲಾಯಿಸೋದಾ ತೊಳೆಯೋದಾ

ಪೇಪರನ್ನ ತೊಳೆಯೋಕೆ ಹೋಗ್ಬೇಡಿ, ಉಲ್ಟಾ ಗಾಳಿ ಹೊಡೆದು ಮತ್ತೆ ಹಾಕೋರನ್ನ ನೋಡಿದೀನಿ, ನೆರಿಗೆ ಹರಿದು ನಾರು ಎಲ್ಲ ಕಾರ್ಬುರೇಟರಿಗೇ ಹೋಗ್ತದೆ. ಕಾಕಿನ ಹಿತ್ತಾಳೆ ಜಾಲರಿಯನ್ನ ಪೆಟ್ರೋಲಲ್ಲಿ ಅದ್ದಿ ಹಳೆ ಹಲ್ಲುಜ್ಜೋ ಬ್ರಷ್ಷಲ್ಲಿ ಮೆತ್ತಗೆ ತಿಕ್ಕಿದ್ರೆ ವರ್ಷಗಟ್ಟಲೆ ಬರ್ತದೆ, ಬೆಳಕಿಗೆ ಹಿಡಿದು ಎಲ್ಲೂ ತೂತು ದೊಡ್ಡದಾಗಿಲ್ಲ ಅಂತ ನೋಡಿ ಅಷ್ಟೇ. ಬಟ್ಟೆಯಲ್ಲಿ ಒರೆಸ್ಬೇಡಿ, ಎಳೆ ಬಿಡ್ತದೆ. ಕಪ್ ಬಿಚ್ಚಿದಾಗೆಲ್ಲ ಓ ರಿಂಗ್ ಹೊಸದು ಹಾಕೋದು ಒಳ್ಳೇದು, ಹಳೇದು ಉಬ್ಬಿಕೊಂಡು ಮತ್ತೆ ತೋಡಲ್ಲಿ ಕೂರಲ್ಲ. ಕಪ್ಪನ್ನ ಸಿಕ್ಕಾಪಟ್ಟೆ ಟೈಟ್ ಮಾಡಿದ್ರೆ ಕಾಕ್ ಬಾಡಿ ಥ್ರೆಡ್ ಹೋಗ್ತದೆ, ಕೈಯಲ್ಲಿ ಕೂರಿಸಿ ಸ್ಪ್ಯಾನರಲ್ಲಿ ಒಂದು ಚೂರು ಬಿಗಿ ಮಾಡಿದ್ರೆ ಸಾಕು.

ಪೈಪಿನ ಜಾಲರಿ ಫಿಲ್ಟರನ್ನ ಉಲ್ಟಾ ಮಾಡಿ ಪೆಟ್ರೋಲಲ್ಲಿ ಒಂದೆರಡು ಸಲ ಕುಲುಕಿ ತೊಳೆಯಬಹುದು. ಆದ್ರೂ ವರ್ಷಕ್ಕೊಂದ್ಸಲ, ಮಳೆಗಾಲ ಮುಗಿದ್ಮೇಲೆ ನಾನು ಹೊಸದೇ ಹಾಕೋದು. ಪ್ಲಾಸ್ಟಿಕ್ ಹಳದಿಯಾಗಿ ಗಡುಸಾದ್ರೆ ಮೂತಿ ಹತ್ರ ಬಿರುಕು ಬರ್ತದೆ, 60 ರೂಪಾಯಿಗೆ ಅಷ್ಟು ರಿಸ್ಕ್ ಯಾಕೆ.

ಹಾಕೋವಾಗ ಕೆಲವು ಮಾತು. ಮೈಮೇಲೆ ಬಾಣದ ಗುರುತಿರ್ತದೆ, ಅದು ಕಾರ್ಬುರೇಟರ್ ಕಡೆ. ಫಿಲ್ಟರ್ ಆದಷ್ಟು ನೆಟ್ಟಗೆ ನಿಲ್ಲಲಿ, ಪೈಪು ಟ್ಯಾಂಕಿಂದ ಕಾರ್ಬುರೇಟರಿಗೆ ಇಳಿಜಾರಾಗೇ ಇರ್ಲಿ, ಮಧ್ಯೆ ಎಲ್ಲೂ ಮೇಲಕ್ಕೆದ್ದು ಬಳುಕಬಾರದು, ಬಳುಕಿದ ಕಡೆ ಗಾಳಿ ಗುಳ್ಳೆ ನಿಂತು ಪೆಟ್ರೋಲ್ ತಡೀತದೆ. ಸಿಲಿಂಡರ್ ರೆಕ್ಕೆಗೆ ತಾಗಬಾರದು. ಒಂದು ವಿಷಯಕ್ಕೆ ಗಾಬರಿ ಬೇಡ, ಫಿಲ್ಟರ್ ಕೋಶ ಅರ್ಧ ಖಾಲಿ ಕಾಣ್ತದೆ, ಪೂರ್ತಿ ತುಂಬಿರಲ್ಲ. ಅದು ಸಹಜ, ಒಳಗೆ ಸಿಕ್ಕ ಗಾಳಿ ಅಷ್ಟೇ, ಬಾಟ್ಲಿ ಪರೀಕ್ಷೆ ಸರಿ ಬಂದ್ರೆ ಮುಗೀತು.

ಪೈಪಿಗೆ ಎರಡೂ ಕಡೆ ಸ್ಪ್ರಿಂಗ್ ಕ್ಲಿಪ್ ಹಾಕಿ, ಬೈಂಡಿಂಗ್ ತಂತಿ ಸುತ್ತಬೇಡಿ, ಅದು ಪೈಪನ್ನೇ ಕೊಯ್ತದೆ. ಪೈಪು ಪೆಟ್ರೋಲಿಗೆ ಅಂತಲೇ ಇರೋ ರಬ್ಬರಿಂದು ತಗೊಳ್ಳಿ. ಮೀನಿನ ತೊಟ್ಟಿಗೆ ಹಾಕೋ ಪಾರದರ್ಶಕ ಪೈಪನ್ನ ಹಾಕಿರೋರು ತುಂಬ ಜನ, ವರ್ಷದೊಳಗೆ ಕಡ್ಡಿ ಥರ ಗಡುಸಾಗಿ ಮೂತಿಯಿಂದ ಜಾರಿ ಬರ್ತದೆ.

ಎಥೆನಾಲು, ಮಳೆಗಾಲ

2023ರ ಫೆಬ್ರವರಿಯಲ್ಲಿ ನಮ್ಮ ಬೆಂಗಳೂರಲ್ಲೇ ಇ20 ಪೆಟ್ರೋಲ್ ಬಿಡುಗಡೆ ಆಯ್ತು, ಈಗ ಬಂಕುಗಳಲ್ಲಿ ಸಿಗೋದು ಹೆಚ್ಚಾಗಿ ಅದೇ, ನೂರಕ್ಕೆ 20 ಪಾಲು ಎಥೆನಾಲ್. ಹಳೆ ಗಾಡಿಯವರಿಗೆ ಫಿಲ್ಟರ್ ವಿಷಯ ಮೊದಲಿಗಿಂತ ಮುಖ್ಯ ಆಗಿರೋದು ಇದರಿಂದ. ಎಥೆನಾಲ್ ನೀರು ಹೀರ್ತದೆ, ಮಿತಿ ಮೀರಿದ್ರೆ ನೀರು ಎಥೆನಾಲ್ ಎರಡೂ ಪೆಟ್ರೋಲಿಂದ ಬೇರೆಯಾಗಿ ತಳಕ್ಕೆ ಇಳೀತವೆ, ತಳದಲ್ಲಿರೋದೇ ಕಾಕು. ಮತ್ತೆ ಟ್ಯಾಂಕಿನ ಗೋಡೆಗೆ ವರ್ಷಾನುಗಟ್ಟಲೆ ಅಂಟಿದ್ದ ಮೇಣ ಗೋಂದನ್ನೆಲ್ಲ ಅದು ಕರಗಿಸಿ ಎಬ್ಬಿಸ್ತದೆ, ಎಲ್ಲ ಬಂದು ಫಿಲ್ಟರಿಗೆ ಬೀಳ್ತದೆ. ಹಳೆ ಕಾರ್ಕ್ ವಾಷರು, ಹಳೆ ರಬ್ಬರ್ ಓ ರಿಂಗು ಉಬ್ತವೆ ಇಲ್ಲಾ ಸೀಳ್ತವೆ. ಅಟ್ಟದಲ್ಲೋ ಕೊಟ್ಟಿಗೆಯಲ್ಲೋ ಐದಾರು ವರ್ಷ ನಿಂತಿದ್ದ ಗಾಡಿಯನ್ನ ಈಗ ಎಬ್ಬಿಸ್ತಿದ್ರೆ ಮೊದಲ ಎರಡು ಮೂರು ಟ್ಯಾಂಕ್ ಪೆಟ್ರೋಲ್ ಮುಗಿಯೋತನಕ ವಾರಕ್ಕೊಮ್ಮೆ ಫಿಲ್ಟರ್ ನೋಡಿ.

ಮಳೆಗಾಲಕ್ಕೆ ಗಾಡಿ ನಿಲ್ಲಿಸೋದಾದ್ರೆ ಅರ್ಧ ಟ್ಯಾಂಕಲ್ಲಿ ನಿಲ್ಲಿಸ್ಬೇಡಿ. ಖಾಲಿ ಇರೋ ಮೇಲ್ಭಾಗದಲ್ಲೇ ರಾತ್ರಿ ತೇವ ಕೂತು ತುಕ್ಕು ಶುರುವಾಗೋದು. ಕಂಠಮಟ್ಟ ತುಂಬಿಸಿ, ಕಾಕ್ ಬಂದ್ ಮಾಡಿ, ಕಾರ್ಬುರೇಟರ್ ಬೌಲ್ ಖಾಲಿ ಆಗೋತನಕ ಇಂಜಿನ್ ಓಡಿಸಿ. ಆಯಿಲ್ ಬೆರೆಸೋ ಗಾಡಿಯವರು ಮಾತ್ರ ಓಡಿಸಿ ಖಾಲಿ ಮಾಡ್ಬೇಡಿ, ಕೊನೆಯಲ್ಲಿ ಆಯಿಲ್ಲೂ ಸಾಲದೆ ಓಡಿದ ಹಾಗಾಗ್ತದೆ, ಬೌಲಿನ ತಿರುಪು ಸಡಿಲಿಸಿ ಬಸಿಯೋದೇ ಸರಿ. ತಿಂಗಳುಗಟ್ಟಲೆ ನಿಲ್ಲಿಸೋದಿದ್ರೆ ಟ್ಯಾಂಕ್ ಪೂರ್ತಿ ಬಸಿದು ಒಳಗೆ ಎಂಜಿನ್ ಆಯಿಲ್ ಹಾಕಿ ಎಲ್ಲ ಕಡೆ ತಾಗೋ ಹಾಗೆ ಹೊರಳಾಡಿಸಿ ಇಟ್ರೂ ಆಗ್ತದೆ, ಮಾವ ಹಾಗೇ ಮಾಡ್ತಿದ್ರು.

ಹೊಸ ಫಿಲ್ಟರ್ ಹಾಕಿದ ದಿನ ನಾನು ಹೀಗೆ ಮಾಡ್ತೀನಿ: ಕಾಕ್ ಆನ್ ಮಾಡಿ ಐದು ನಿಮಿಷ ಗಾಡಿ ಹತ್ರವೇ ಕೂತು ಕ್ಲಿಪ್ಪಿನ ಸುತ್ತ ಬೆರಳಾಡಿಸಿ ಒದ್ದೆ ಇದ್ಯಾ ನೋಡ್ತೀನಿ, ಆಮೇಲೆ ಸ್ಟಾರ್ಟ್ ಮಾಡಿ ಹತ್ತು ಕಿಲೋಮೀಟರ್ ಓಡಿಸಿ ಬಂದು ಇನ್ನೊಂದ್ಸಲ ಬೆರಳಾಡಿಸ್ತೀನಿ, ಬಿಸಿಗೆ ಪೈಪು ಸಡಿಲ ಆದ್ರೆ ಗೊತ್ತಾಗೋದು ಆಗಲೇ. ಹೋದ ತಿಂಗಳು ಅದೇ ರೋಡ್‌ಕಿಂಗ್ ತಗೊಂಡು ಸೋಮೇಶ್ವರದಿಂದ ಮೇಲೆ ಹತ್ತಿದೆ, ಹೊರಡೋ ಮುಂಚೆ ಬಾಟ್ಲಿಗೆ 235 ಎಂಎಲ್ ಬಂದಿತ್ತು, ಒಂಬತ್ತನೇ ತಿರುವಲ್ಲಿ ಎರಡನೇ ಗೇರು, ಹದಿನಾಲ್ಕನೇದು ದಾಟಿ ಮೇಲೆ ನಿಲ್ಲಿಸಿದಾಗ ಇಂಜಿನ್ ಟಕ್ ಟಕ್ ಅಂತ ನೆಮ್ಮದಿಯಾಗಿ ಐಡಲ್ ಆಗ್ತಿತ್ತು.